ಅರಬ್ಬಿ ಹೆಸರಿನ ಅರ್ಥವನ್ನು ಧಾತುವಿನಿಂದ ಕಂಡುಕೊಳ್ಳುವ ಬಗೆ: ‘ಮಹಮೂದ್’ ಒಂದು ಉದಾಹರಣೆ

ಅರಬ್ಬಿ ಹೆಸರಿನ ಅರ್ಥವನ್ನು ಹುಡುಕುವವರು ಮೊದಲು ಆ ಹೆಸರು ಅರಬ್ಬಿ ಅಥವಾ ಉರ್ದು ಲಿಪಿಯಲ್ಲಿ ಹೇಗಿದೆ ಎಂಬುದನ್ನು ನೋಡಿಕೊಳ್ಳಬೇಕು. ಅರಬ್ಬಿಯ ಎರಡು ಬೇರೆ ಬೇರೆ ಅಕ್ಷರಗಳು ಕನ್ನಡದಲ್ಲಿ ‘ಹ’ ಎಂದೇ ಬರೆಯಲ್ಪಡುತ್ತವೆ. ಉರ್ದುವಿನಲ್ಲಿ ‘ಬಡೀ ಹೇ’ ಎನ್ನುವ ಅಕ್ಷರದಿಂದ ಬರೆದರೆ ‘ಹಾಮಿದ್’ ಎಂದರೆ ಸ್ತುತಿಸುವವನು. ‘ಛೋಟೀ ಹೇ’ಯಿಂದ ಬರೆದರೆ ಅದು ಆರಿಹೋದದ್ದು, ನಿಶ್ಚಲವಾದದ್ದು ಎಂಬ ಬೇರೆಯೇ ಪದ. ಈ ಹಂತವನ್ನು ಬಿಟ್ಟರೆ ಮುಂದಿನ ಶ್ರಮವೆಲ್ಲ ವ್ಯರ್ಥ.

ಬಳಿಕ ಧಾತುವನ್ನು ಬಿಡಿಸಿಕೊಳ್ಳಬೇಕು. ಅರಬ್ಬಿಯ ಬಹುಪಾಲು ಪದಗಳು ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ಅವುಗಳ ಹಿಂದೆ, ಮುಂದೆ, ನಡುವೆ ಸೇರುವ ಸ್ವರಗಳೂ ಪ್ರತ್ಯಯಗಳೂ ಅರ್ಥದ ಛಾಯೆಯನ್ನು ನಿರ್ಧರಿಸುತ್ತವೆ. ‘ಮಹಮೂದ್’ನಲ್ಲಿ ಆರಂಭದ ‘ಮ’ ಪ್ರತ್ಯಯ, ನಡುವಿನ ದೀರ್ಘ ‘ಊ’ ಅಚ್ಚಿನ, ಎಂದರೆ ಧಾತುವಿನಿಂದ ಪದವನ್ನು ರೂಪಿಸುವ ನಿಶ್ಚಿತ ಮಾದರಿಯ, ಭಾಗ. ಅವನ್ನು ತೆಗೆದರೆ ಹ್-ಮ್-ದ್ ಉಳಿಯುತ್ತದೆ, ಅದರ ಅರ್ಥ ಸ್ತುತಿ. ಕ್ರಿಯೆಗೆ ಒಳಗಾದವನನ್ನು ಸೂಚಿಸುವ ಅಚ್ಚು ಇದಾದ್ದರಿಂದ ಮಹಮೂದ್ ಎಂದರೆ ಸ್ತುತಿಗೆ ಪಾತ್ರನಾದವನು. ಅದೇ ಧಾತುವಿನ ‘ಅಹ್ಮದ್’ ಎಂದರೆ ಅತ್ಯಂತ ಸ್ತುತ್ಯನು, ‘ಮುಹಮ್ಮದ್’ ಎಂದರೆ ಬಹುವಾಗಿ ಸ್ತುತಿಸಲ್ಪಟ್ಟವನು. ಹೀಗೆ ಒಡಹುಟ್ಟಿದ ಹೆಸರುಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡುವುದೇ ಅತ್ಯುತ್ತಮ ಅಭ್ಯಾಸವೆಂದು ನನ್ನ ನಂಬಿಕೆ. ಅರಬ್ಬಿ ನಿಘಂಟುಗಳಲ್ಲಿ ಅನೇಕವು ಧಾತುಗಳ ಅನುಕ್ರಮದಲ್ಲಿರುವುದರಿಂದ ಅಂಥವುಗಳಲ್ಲಿ ಈ ಹೆಸರನ್ನು ‘ಮ’ದ ಕೆಳಗಲ್ಲ, ‘ಹ’ದ ಕೆಳಗೆ ಹುಡುಕಬೇಕು.

ಪೂರ್ಣನಾಮದಲ್ಲಿ ಯಾವ ಭಾಗ ಏನೆಂಬುದನ್ನೂ ಬೇರ್ಪಡಿಸಬೇಕು. 1472ರಲ್ಲಿ ಬೀದರಿನ ಮದರಸಾವನ್ನು ಕಟ್ಟಿಸಿದ ಬಹಮನಿ ವಜೀರ ಇಮಾದುದ್ದೀನ್ ಮಹಮೂದ್ ಗಾವಾನನ ಹೆಸರಿನಲ್ಲಿ ‘ಇಮಾದುದ್ದೀನ್’ ಎಂಬುದು ಧರ್ಮದ ಆಧಾರಸ್ತಂಭ ಎಂಬರ್ಥದ ಬಿರುದು, ‘ಮಹಮೂದ್’ ಇಟ್ಟ ಹೆಸರು, ‘ಗಾವಾನ್’ ಅವನ ಇರಾನಿನ ಹುಟ್ಟೂರನ್ನು ನೆನಪಿಸುವ ಪದವೇ ಹೊರತು ಅರಬ್ಬಿ ಧಾತುವಿನದಲ್ಲ. ‘ಅಬ್ದುಲ್’ ಇದ್ದಲ್ಲಿ ಅದನ್ನು ಮುಂದಿನ ಪದದೊಂದಿಗೇ ಓದಬೇಕು: ‘ಅಬ್ದುಲ್ ಹಮೀದ್’ ಎಂದರೆ ಸ್ತುತ್ಯನಾದ ದೇವರ ದಾಸ.

ಎಲ್ಲ ಮುಸ್ಲಿಂ ಹೆಸರುಗಳೂ ಅರಬ್ಬಿ ಧಾತುವಿನವಲ್ಲ ಎಂಬುದನ್ನು ಮರೆಯಬಾರದು. ಫಿರೋಜ್, ಪರ್ವೀನ್ ಪರ್ಷಿಯನ್ ಹೆಸರುಗಳು. ವಿಜಯಪುರದ ಇಬ್ರಾಹಿಂ ಆದಿಲ್ ಷಾನ ಹೆಸರಿನಲ್ಲಿ ‘ಇಬ್ರಾಹಿಂ’ ಹೀಬ್ರೂವಿನ ಅಬ್ರಹಾಮನ ರೂಪ, ‘ಷಾ’ ಪರ್ಷಿಯನ್. ನ್ಯಾಯವಂತ ಎಂಬರ್ಥದ ‘ಆದಿಲ್’ ಮಾತ್ರ ಅರಬ್ಬಿ ಧಾತುವಿನದು, ನಮ್ಮ ಲೋಕ ಅದಾಲತ್‌ನ ‘ಅದಾಲತ್’ ಕೂಡ ಅದರದೇ ಸಂತಾನ.