ಹಾಕಿದ್ದಕ್ಕಿಂತ ಉಳಿಸಿಕೊಂಡಿದ್ದು ಗೆಲ್ಲಿಸಿತು: ಸ್ಕ್ರಾಬಲ್ ಆಟದಲ್ಲಿ ನನ್ನ ಅನುಭವ

ಸ್ಕ್ರಾಬಲ್ ಅಂದರೆ ಚೀಲದಿಂದ ಎತ್ತಿಕೊಂಡ ಏಳು ಅಕ್ಷರದ ಬಿಲ್ಲೆಗಳಿಂದ, ಅಂದರೆ ಟೈಲುಗಳಿಂದ, ಬೋರ್ಡಿನ ಮೇಲೆ ಇಂಗ್ಲಿಷ್ ಪದ ಕಟ್ಟಿ ಅಂಕ ಗಳಿಸುವ ಆಟ. ಕಡಿಮೆ ಅಂಕದ ಪದ ಹಾಕಿಯೂ ಇದನ್ನು ಗೆಲ್ಲಬಹುದು ಅಂತ ಎರಡು-ಮೂರು ವರ್ಷದಿಂದ ಹೇಳುತ್ತಲೇ ಇದ್ದೆ. ದಾವಣಗೆರೆಯ ನಮ್ಮ ಭಾನುವಾರದ ಗುಂಪಿನಲ್ಲಿ ಒಬ್ಬರೂ ಒಪ್ಪಲಿಲ್ಲ. ಗುಂಪೆಂದರೆ ಒಬ್ಬರು ಇಂಗ್ಲಿಷ್ ಲೆಕ್ಚರರ್, ಇಬ್ಬರು ಇಂಜಿನಿಯರಿಂಗ್ ಹುಡುಗರು, ಒಬ್ಬ ಮೆಡಿಕಲ್ ರೆಪ್, ಮತ್ತೆ ಎಪಿಎಂಸಿ ಮಂಡಿಯಲ್ಲಿ ಲೆಕ್ಕ ಬರೆಯುವ ನಾನು. ‘ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ, ಈಗ ನಮಗೇ ಸ್ಟ್ರಾಟಜಿ ಪಾಠ’ ಅಂತ ನಗುತ್ತಿದ್ದರು. ಬೆಂಗಳೂರಿನ ಒಂದು ಟೂರ್ನಮೆಂಟಿನಲ್ಲಿ ಕೆಳಗಿನ ಡಿವಿಷನ್ನಿನ ಮೂರನೇ ಬಹುಮಾನ ತಂದ ಮೇಲೆ ಲೆಕ್ಚರರೇ ಫೋನ್ ಮಾಡಿ, ‘ಏನ್ ಮಾಡಿದ್ಯೋ ಸರಿಯಾಗಿ ಬರ್ದು ಕಳ್ಸು’ ಅಂದರು. ಅದಕ್ಕೇ ಈ ಬರಹ.

ಇಂಗ್ಲಿಷಿನ ಮಾತು ಮೊದಲೇ ಮುಗಿಸಿಬಿಡುತ್ತೇನೆ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಸ್ಕ್ರಾಬಲ್ ವಿಶ್ವ ಚಾಂಪಿಯನ್ ಆದಾಗ ಅವರಿಗೆ ಫ್ರೆಂಚ್ ಮಾತಾಡಲು ಬರುತ್ತಿರಲಿಲ್ಲ. 2024ರಲ್ಲಿ ಸ್ಪ್ಯಾನಿಷ್ ಪಟ್ಟವನ್ನೂ ಗೆದ್ದರು. ನಮ್ಮ ಆಟಕ್ಕೆ ಆಧಾರವಾದ ಕಾಲಿನ್ಸ್ ಪದಪಟ್ಟಿಯ 120ಕ್ಕೂ ಹೆಚ್ಚು ಎರಡಕ್ಷರದ ಪದ ನನಗೆ ಬಾಯಿಪಾಠ, ಅರ್ಥ ಗೊತ್ತಿರುವುದು ಅರ್ಧಕ್ಕಷ್ಟೇ ಇರಬೇಕು.

ಶುರುವಿನಲ್ಲಿ ದುಡ್ಡು ಹೋಗಿದ್ದು ಪದ ಕಲಿಯುವ ಹುಚ್ಚಿಗೆ. ತಿರುಗುವ ಬೋರ್ಡು ಸೆಕೆಂಡ್ ಹ್ಯಾಂಡಿನಲ್ಲಿ ಮೂರೂವರೆ ಸಾವಿರ, ಗಡಿಯಾರ ಎರಡು ಸಾವಿರ, ದಪ್ಪ ಪದಕೋಶ ಬೇರೆ. ಎಂಟ್ರಿ ಫೀ ಪ್ರತಿ ಸಲ ಸಾವಿರದ ಮೇಲೆ. ಜನಶತಾಬ್ದಿಯಲ್ಲಿ ಹೋಗಿ, ಎರಡು ರಾತ್ರಿ ಲಾಡ್ಜು, ಊಟ ಅಂತ ಒಂದು ಸಲಕ್ಕೆ ಐದು ಸಾವಿರ ಕರಗುತ್ತಿತ್ತು. ಮನೆಯಲ್ಲಿ ನಿಜವಾದ ಮೊತ್ತ ಇವತ್ತಿಗೂ ಹೇಳಿಲ್ಲ; 40 ಸಾವಿರ ದಾಟಿದೆ. ಪದ ಕಲಿಸುವ ಜೈಜಿವಾ ಸಾಫ್ಟ್‌ವೇರಿನಲ್ಲಿ ರಾತ್ರಿಯೆಲ್ಲ ಏಳಕ್ಷರದ ಪದ ಉರು ಹೊಡೆದೆ. ಪದ ಬಂದವು, ಗೆಲುವು ಬರಲಿಲ್ಲ. ಒಂದಾಟದ ನನ್ನ ಸರಾಸರಿ ಅಂಕ 340ರ ಹತ್ತಿರವೇ ಕುಂತಿತ್ತು.

ಆಮೇಲೆ ಉಲ್ಟಾ ಹುಚ್ಚು. ಕೈಯಲ್ಲಿ ಆರು ಒಳ್ಳೆ ಟೈಲ್ ಹಿಡಿದು, ಒಂದೊಂದೇ ಬಿಟ್ಟು, ಬಿಂಗೋಗೆ, ಅಂದರೆ ಏಳೂ ಟೈಲ್ ಒಂದೇ ಸಲ ಹಾಕಿ ಬೋನಸ್ ಪಡೆಯುವುದಕ್ಕೆ, ಗಾಳ ಹಾಕಿ ಕೂರುವುದು. ನಾನು ಆರು-ಏಳು ಅಂಕ ಹಾಕುತ್ತ ಕೂತರೆ ಎದುರಿನವನು ಪ್ರತಿ ಸಲ 35 ಎತ್ತುತ್ತಿದ್ದ. ಕೊನೆಗೊಮ್ಮೆ 50 ಬೋನಸ್ ಬಂದರೂ ಬಾಕಿ ತೀರುತ್ತಿರಲಿಲ್ಲ. ಆ ಮಳೆಗಾಲ ಪೂರ್ತಿ ಹೀಗೇ ಸೋತೆ.

ದಾರಿ ಸಿಕ್ಕಿದ್ದು ಸೋತ ಆಟಗಳನ್ನು ಆಟ ವಿಶ್ಲೇಷಿಸುವ ಕ್ವ್ಯಾಕಲ್ ಸಾಫ್ಟ್‌ವೇರಿಗೆ ಹಾಕಿ ನೋಡಿದಾಗ. ಪದಗಳಲ್ಲಿ ಅಂಥ ತಪ್ಪಿರಲಿಲ್ಲ, ಪದ ಹಾಕಿದ ಮೇಲೆ ಕೈಯಲ್ಲಿ ಉಳಿದದ್ದು ಕಸವಾಗಿತ್ತು. ಸುಗ್ಗಿಯಲ್ಲಿ ಸಿಕ್ಕ ರೇಟಿಗೆ ಮೆಕ್ಕೆಜೋಳವನ್ನೆಲ್ಲ ಕೊಟ್ಟು, ಬಿತ್ತನೆ ಹೊತ್ತಿಗೆ ಕೈ ಬರಿದು ಮಾಡಿಕೊಂಡು ಮಂಡಿಗೆ ಸಾಲಕ್ಕೆ ಬರುವವರನ್ನು ದಿನಾ ನೋಡುವವನು ನಾನು. ಬೋರ್ಡಿನ ಮುಂದೆ ಅದೇ ನಡೆದಿತ್ತು.

ಅಲ್ಲಿಂದ ನಾನು ಹಾಕಿಕೊಂಡ ಲೆಕ್ಕ ಇದು. ಎಸ್ ಖರ್ಚು ಮಾಡಬೇಕಾದರೆ ಎಸ್ ಇಲ್ಲದ ಒಳ್ಳೆ ಪದಕ್ಕಿಂತ ಎಂಟು-ಹತ್ತು ಅಂಕ ಜಾಸ್ತಿ ಬರಬೇಕು. ಯಾವ ಅಕ್ಷರವಾಗಿ ಬೇಕಾದರೂ ಬಳಸಬಹುದಾದ ಬ್ಲಾಂಕ್ ಬಿಡಬೇಕಾದರೆ 25-30 ಜಾಸ್ತಿ. ಚೀಲದಲ್ಲಿರುವುದೇ ನಾಲ್ಕು ಎಸ್, ಎರಡು ಬ್ಲಾಂಕ್. ಎರಡು ಯು, ಎರಡು ಐ, ಒಂದು ವಿ ಸೇರಿದ ರ‍್ಯಾಕ್ ಬಂದರೆ ಹನ್ನೊಂದು ಅಂಕಕ್ಕೆ ತಿಣುಕುವುದು ಬಿಟ್ಟೆ, ಸೀದಾ ಐದು ಟೈಲ್ ಬದಲಾಯಿಸುತ್ತೇನೆ. ಆ ಸರದಿಗೆ ಸೊನ್ನೆ ಬರೆದುಕೊಳ್ಳುವಾಗ ಎದುರಿನವರು ಮುಗುಳ್ನಗುತ್ತಾರೆ, ನಗಲಿ. ಒಂದು ವರ್ಷದೊಳಗೆ ಸರಾಸರಿ 385ರ ಆಸುಪಾಸಿಗೆ ಬಂತು.

ಎರಡನೆಯದು ಬಾಗಿಲು ಹಾಕುವ ಆಟ. ವಿ ಸೇರಿದ ಎರಡಕ್ಷರದ ಪದ ಕಾಲಿನ್ಸ್‌ನಲ್ಲಿ ಒಂದೂ ಇಲ್ಲ, ಸಿ-ಗೆ ಎಚ್ ಜೊತೆ ಒಂದೇ ಒಂದು. ಹಾಗಾಗಿ 40-50 ಅಂಕ ಮುಂದಿದ್ದರೆ ವಿ ನನಗೆ ಬಂಗಾರ. ಅದನ್ನು ಸರಿಯಾದ ಸಾಲಿನಲ್ಲಿ ಕೂರಿಸಿದರೆ ಪಕ್ಕಕ್ಕೆ ಅಂಟಿಸಿ ಪದ ಕಟ್ಟುವುದು ಕಷ್ಟ. ಹಿಂದಿದ್ದರೆ ಇದೇ ಆಟ ಆಡಬಾರದು. ಆಗ ಅಂಕ ಕಮ್ಮಿ ಆದರೂ ಮೂರು ಪಟ್ಟು ಅಂಕ ಕೊಡುವ ಟ್ರಿಪಲ್ ಮನೆಯ ಸಾಲು ತೆರೆಯುತ್ತೇನೆ. ಯಾವ ನಾಲ್ಕಕ್ಷರದ ಪದಗಳಿಗೆ ಹಿಂದೆಯೂ ಮುಂದೆಯೂ ಏನೂ ಸೇರುವುದಿಲ್ಲ ಎಂಬ ಪಟ್ಟಿಯೊಂದನ್ನು ಮಾಡಿಕೊಂಡಿದ್ದೇನೆ. ಅದು ನನ್ನ ಹತ್ತಿರವೇ ಇರಲಿ, ಲೆಕ್ಚರರಿಗೂ ಕೊಟ್ಟಿಲ್ಲ.

ನಡುವೆ ಕನ್ನಡ ಸ್ಕ್ರಾಬಲ್ ಮಾಡಲು ಹೋಗಿ ಮಂಡಿಪೇಟೆಯ ಬಡಗಿಗೆ ಎರಡು ಸಾವಿರ ಕೊಟ್ಟ ಕಥೆಯೂ ಇದೆ. ಈ ಆಟ ಕಂಡುಹಿಡಿದ ಆಲ್ಫ್ರೆಡ್ ಬಟ್ಸ್ ಪತ್ರಿಕೆಯ ಮುಖಪುಟದಲ್ಲಿ ಅಕ್ಷರ ಎಣಿಸಿ ಟೈಲುಗಳ ಸಂಖ್ಯೆ ನಿಗದಿ ಮಾಡಿದ್ದರಂತೆ, ನಾನೂ ಕನ್ನಡ ಪೇಪರಿನ ಒಂದು ಪುಟ ಎಣಿಸಿದೆ. ನ, ರ, ದ, ತ ಮುಂದೆ ಬಂದವು. ಕಾಗುಣಿತವನ್ನೆಲ್ಲ ಟೈಲ್ ಮಾಡಿದರೆ 400 ದಾಟುತ್ತದೆ. ಮೂಲ ವ್ಯಂಜನ ಮಾತ್ರ ಇಟ್ಟು ಸ್ವರ ನಿಮ್ಮಿಷ್ಟ ಎಂದರೆ ಏನಿಟ್ಟರೂ ಪದವಾಗುತ್ತದೆ, ಮಕ್ಕಳು ಕೂಡ ಸಲೀಸಾಗಿ ದೊಡ್ಡ ಸ್ಕೋರು ಮಾಡಿದರು. ಒತ್ತಕ್ಷರಕ್ಕೆ ಅರ್ಧ ಗಾತ್ರದ ಟೈಲ್ ಮಾಡಿಸಿದ್ದೆ, ಅವು ಸೋಫಾ ಸಂದಿ ಸೇರಿದವು. ಇನ್ನು ಬೆಣ್ಣೆದೋಸೆ ಊರಿನವರಿಗೊಂದು ಮಾಹಿತಿ: ‘ದೋಸಾ’ ಕಾಲಿನ್ಸ್‌ನಲ್ಲಿ ಸಿಂಧು, ಆದರೆ ಬೋನಸ್ ಮನೆ ಸಿಗದಿದ್ದರೆ ಐದೇ ಅಂಕ. ಆಟಕ್ಕೆ ಮುಂಚೆ ಬೆಣ್ಣೆದೋಸೆ ತಿನ್ನಲೂ ಬೇಡಿ, 25 ನಿಮಿಷದ ಗಡಿಯಾರದ ಮುಂದೆ ನಿದ್ದೆ ಬರುತ್ತದೆ.

ಬಹುಮಾನ ತಂದುಕೊಟ್ಟ ಆಟಕ್ಕೆ ಬರುತ್ತೇನೆ. ಚೀಲದಲ್ಲಿ ನಾಲ್ಕು ಟೈಲ್, ನಾನು ಹನ್ನೆರಡೋ ಏನೋ ಮುಂದೆ. ಕಂಡ ಟೈಲುಗಳನ್ನು ಗುರುತಿಸುವ ಶೀಟಿನಲ್ಲಿ ಹೊಡೆದು ಹಾಕದೆ ಉಳಿದವು ಹನ್ನೊಂದು (ಚೀಲದ ನಾಲ್ಕು, ಎದುರಿನವನ ಏಳು), ಅದರಲ್ಲಿ ಕ್ಯೂ ಇನ್ನೂ ಇದೆ. ನಾಲ್ಕು ಟೈಲಿನ ಪದಕ್ಕೆ 24 ಸಿಗುತ್ತಿತ್ತು. ಹಾಕಿದ್ದರೆ ಚೀಲ ಖಾಲಿ ಮಾಡಿದವನು ನಾನು, ಖಾಲಿ ಚೀಲದ ಮೊದಲ ಚಾನ್ಸ್ ಎದುರಿನವನದು. ಅದನ್ನು ಬಿಟ್ಟು ಮೂರೇ ಟೈಲಿನ 17 ಅಂಕದ ಪದ ಹಾಕಿ, ಒಂದು ಟೈಲ್ ಚೀಲದಲ್ಲೇ ಬಿಟ್ಟೆ. ಹಿಂದೆ ನಿಂತು ನೋಡುತ್ತಿದ್ದ ನಮ್ಮ ಮೆಡಿಕಲ್ ರೆಪ್ ತಲೆ ಚಚ್ಚಿಕೊಂಡನಂತೆ. ಎದುರಿನವನು ಐದು ಟೈಲ್ ಹಾಕಿ 38 ಎತ್ತಿ ನನ್ನನ್ನು ದಾಟಿದ, ಉಳಿದ ಒಂದನ್ನು ಎಳೆದುಕೊಂಡ. ಅದೇ ಕ್ಯೂ.

ಚೀಲದಲ್ಲಿ ಏಳಕ್ಕಿಂತ ಕಮ್ಮಿ ಇದ್ದರೆ ಬದಲಾವಣೆ ಇಲ್ಲ ಅಂತ ನಿಮಗೆ ಗೊತ್ತೇ ಇದೆ. ಕ್ಯೂ ಕೂರಲು (‘ಕ್ಯೂ-ಐ’ ಎರಡೂ ಸೇರಿ ಒಂದು ಪದ) ಬೋರ್ಡಿನಲ್ಲಿ ಒಂದೇ ಒಂದು ಐ ಬಾಕಿ ಇತ್ತು. ಏಳು ಅಂಕಕ್ಕೆ ಅದರ ಪಕ್ಕ ಮುಚ್ಚಿದೆ. ಅವನು ಮಿಕ್ಕ ಎರಡನ್ನು ಒಂಬತ್ತಕ್ಕೆ ಹಾಕಿ ಪಾಸ್ ಮಾಡುತ್ತ ಕೂತ, ನಾನು ನನ್ನ ಐದನ್ನು ಒಟ್ಟಿಗೆ ಸುರಿಯದೆ ಎರಡು ಸಲ ಹಾಕಿದೆ, ಎಂಟು ಮತ್ತು ಹನ್ನೊಂದು. ಅವನ ಕೈಯಲ್ಲಿ ಉಳಿದ ಕ್ಯೂ ದುಪ್ಪಟ್ಟಾಗಿ 20 ನನಗೆ. ಅಂತರ 28ರ ಹತ್ತಿರ.

ಬಹುಮಾನ ಐದು ಸಾವಿರ ಬಂತು. ಆ ಸಲದ ರೈಲು, ಲಾಡ್ಜು, ಫೀ ಗಿಟ್ಟಿತು, ಹಳೇ ಬಾಕಿ ಹಾಗೇ ಇದೆ. ಮುಂದಿನ ಸಲ ಮೇಲಿನ ಡಿವಿಷನ್ನಿಗೆ ಹೆಸರು ಕೊಟ್ಟಿದ್ದೇನೆ. ಅಲ್ಲಿಯವರೂ ಟೈಲ್ ಎಣಿಸುತ್ತಾರೆ, ನಾನು ಚೀಲದಲ್ಲಿ ಒಂದು ಬಿಟ್ಟರೆ ಅವರು ಎರಡು ಬಿಡುತ್ತಾರೆ. ಅದಕ್ಕಾಗಿ ಈಗ ಹುಡುಗರಿಬ್ಬರನ್ನು ಕೂರಿಸಿಕೊಂಡು ಕೊನೆಯ ಹತ್ತು ಟೈಲಿನ ಆಟವನ್ನಷ್ಟೇ ಆಡುತ್ತಿದ್ದೇವೆ. ಸೋತವರದ್ದು ಮಂಡಕ್ಕಿ-ಮಿರ್ಚಿ ಬಿಲ್ಲು.