ಕಚೇರಿಯ ಪುಟಕ್ಕೆ ಬಂದ ದೂರಿಗೆ ಉತ್ತರ ಬರೆಯುವುದು ಹೇಗೆ?

ತಾಲ್ಲೂಕು ಮಟ್ಟದ ಕಚೇರಿಗಳ ಸಿಬ್ಬಂದಿಗೆ ಸಾಮಾಜಿಕ ಮಾಧ್ಯಮದ ಬಳಕೆಯನ್ನು ಕಲಿಸಲು ಹೋದಾಗಲೆಲ್ಲ ನಾನು ಮೊದಲು ಆ ಕಚೇರಿಯ ಫೇಸ್‌ಬುಕ್ ಪುಟವನ್ನು ತೆರೆದು ಮೇಲಿನಿಂದ ಕೆಳಗಿನವರೆಗೆ ಓದುತ್ತೇನೆ. ಸಭೆಯ ಚಿತ್ರ, ಹಾರ ಹಾಕುವ ಚಿತ್ರ, ಹಬ್ಬದ ಶುಭಾಶಯ, ಮತ್ತೆ ಸಭೆಯ ಚಿತ್ರ. ಒಂದು ಪುರಸಭೆಯ ಪುಟದಲ್ಲಿ ಮಾರ್ಚ್ 22ರಂದು ವಿಶ್ವ ಜಲ ದಿನದ ಶುಭಾಶಯ ಕೋರಿದ್ದರು. ಅದರ ಕೆಳಗೆ ನಲ್ಲಿಯಲ್ಲಿ ನೀರು ಬಾರದ ಬಡಾವಣೆಗಳವರು ಸಾಲುಸಾಲಾಗಿ ಬರೆದಿದ್ದ ಅಹವಾಲುಗಳಿಗೆ ಎರಡು ತಿಂಗಳಾದರೂ ಒಬ್ಬರೂ ಉತ್ತರಿಸಿರಲಿಲ್ಲ. ಪುಟವನ್ನು ತೆರೆಯುವುದು ಎಲ್ಲರಿಗೂ ಬರುತ್ತದೆ, ಚಿತ್ರ ಹಾಕುವುದೂ ಬರುತ್ತದೆ. ಕೆಡುವುದು ಉತ್ತರ ಬರೆಯುವಲ್ಲಿ. ಆದ್ದರಿಂದ ಈ ಲೇಖನದ ಬಹುಪಾಲು ಅದಕ್ಕೇ ಮೀಸಲು. ಉದಾಹರಣೆಗೆ ಪುರಸಭೆಯನ್ನು ತೆಗೆದುಕೊಂಡಿದ್ದೇನೆ. ತಹಶೀಲ್ದಾರರ ಕಚೇರಿಗೂ ಗ್ರಾಮ ಪಂಚಾಯಿತಿಗೂ ಸಣ್ಣಪುಟ್ಟ ಬದಲಾವಣೆಯೊಡನೆ ಇದೇ ಕ್ರಮ ಒದಗುತ್ತದೆ.

ಮೊದಲ ಕೆಲಸ, ಖಾತೆ ಕಚೇರಿಯದಾಗಿರಬೇಕು. ಎಕ್ಸ್ ಮತ್ತು ಇನ್‌ಸ್ಟಾಗ್ರಾಂ ಖಾತೆಗಳನ್ನು ಕಚೇರಿಯ ಅಧಿಕೃತ ಇಮೇಲ್ ವಿಳಾಸದಿಂದಲೇ ತೆರೆಯಿರಿ. ಒಟಿಪಿ ಬರುವ ಸಿಮ್ ಕೂಡ ಕಚೇರಿಯ ಹೆಸರಿನಲ್ಲಿರಲಿ. ಫೇಸ್‌ಬುಕ್‌ನಲ್ಲಿ ಪುಟದ ನಿರ್ವಹಣೆ ವ್ಯಕ್ತಿಗಳ ಖಾಸಗಿ ಖಾತೆಯ ಮೂಲಕವೇ ನಡೆಯುವುದರಿಂದ, ಕನಿಷ್ಠ ಇಬ್ಬರಿಗೆ ಪೂರ್ಣ ನಿಯಂತ್ರಣ ಕೊಟ್ಟಿರಬೇಕು ಮತ್ತು ಅವರಲ್ಲಿ ಒಬ್ಬರು ಮುಖ್ಯಾಧಿಕಾರಿಯಾಗಿರಬೇಕು. ವರ್ಗಾವಣೆಯ ಕಾಲದಲ್ಲಿ ಈ ಮಾತಿನ ಬೆಲೆ ತಿಳಿಯುತ್ತದೆ. ಪಾಸ್‌ವರ್ಡ್ ಬಲ್ಲ ಏಕೈಕ ಗುಮಾಸ್ತರು ಬೇರೆ ಜಿಲ್ಲೆಗೆ ಹೋದ ಮೇಲೆ ಹಳೆಯ ಪುಟ ಅನಾಥವಾಗಿ, 'ಹೊಸ ಅಧಿಕೃತ ಪುಟ' ಎಂಬ ಎರಡನೆಯದು ಹುಟ್ಟಿಕೊಂಡು, ಜನರು ಮಾತ್ರ ಹಳೆಯದರಲ್ಲೇ ದೂರು ಬರೆಯುತ್ತಿರುವುದನ್ನು ನಾನು ಹಲವೆಡೆ ಕಂಡಿದ್ದೇನೆ. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಇಲಾಖೆ ಸರ್ಕಾರಿ ಸಂಸ್ಥೆಗಳಿಗಾಗಿ 2012ರಲ್ಲಿ ಪ್ರಕಟಿಸಿದ ಸಾಮಾಜಿಕ ಮಾಧ್ಯಮ ಮಾರ್ಗಸೂಚಿಯಲ್ಲೇ ಲಾಗಿನ್ ಮತ್ತು ಪಾಸ್‌ವರ್ಡ್‌ಗಳ ದಾಖಲೆ ಇಡಬೇಕೆಂಬ ಮಾತಿದೆ. ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ಬೀರುವಿನ ಕೀಲಿಯ ಜೊತೆಗೆ ಇದನ್ನೂ ಒಂದು ಸಾಲಾಗಿ ಸೇರಿಸಿ.

ಪುಟದ ಪರಿಚಯದಲ್ಲಿ ಕಚೇರಿಯ ವಿಳಾಸ, ದೂರವಾಣಿ ಮತ್ತು ಉತ್ತರ ಸಿಗುವ ಸಮಯವನ್ನು ಬರೆಯಿರಿ. ತುರ್ತಿಗೆ 112, ವಿದ್ಯುತ್ ದೂರಿಗೆ 1912 ಎಂದೂ ನಮೂದಿಸಿ.

ಕನ್ನಡವನ್ನು ಯೂನಿಕೋಡ್‌ನಲ್ಲೇ ಬರೆಯಿರಿ. ಕಚೇರಿಯ ಹಳೆಯ ಗಣಕದಲ್ಲಿ 'ನುಡಿ' ತಂತ್ರಾಂಶದ ಹಳೆಯ ಆವೃತ್ತಿಯಿಂದ ಟೈಪು ಮಾಡಿದ ಪ್ರಕಟಣೆಯನ್ನು ಹಾಗೆಯೇ ಪುಟಕ್ಕೆ ಅಂಟಿಸಿದರೆ ಓದುವವರಿಗೆ ಕಾಣುವುದು ಕೊಂಬುಬಾಲಗಳ ರೋಮನ್ ಅಕ್ಷರಗಳ ರಾಶಿ ಮಾತ್ರ. ಇದಕ್ಕೆ ಹೆದರಿ ಅನೇಕರು ಆದೇಶದ ಪ್ರತಿಯನ್ನೇ ಮೊಬೈಲಿನಲ್ಲಿ ಓರೆಯಾಗಿ ಚಿತ್ರ ತೆಗೆದು ಹಾಕುತ್ತಾರೆ, ಅದು ಇನ್ನೂ ಕೆಟ್ಟ ದಾರಿ: ಚಿತ್ರದೊಳಗಿನ ಅಕ್ಷರ ಹುಡುಕಾಟಕ್ಕೆ ಸಿಗುವುದಿಲ್ಲ, ಪರದೆ ಓದುವ ತಂತ್ರಾಂಶವನ್ನು ನೆಚ್ಚಿಕೊಂಡ ದೃಷ್ಟಿದೋಷವುಳ್ಳವರಿಗೆ ಅದು ಖಾಲಿ ಹಾಳೆ. ಆದೇಶದ ಚಿತ್ರ ಬೇಕೇ ಬೇಕೆಂದಿದ್ದರೆ ಅದರ ಸಾರವನ್ನು ನಾಲ್ಕು ಸಾಲಿನಲ್ಲಿ ಮೇಲೆ ಬರೆಯಿರಿ. ಹಾಗೆ ಬರೆಯುವಾಗ 'ನಾಳೆ', 'ಇಂದು' ಎಂಬ ಪದಗಳನ್ನು ಬಳಸಲೇಬೇಡಿ. 'ನಾಳೆ ನೀರು ಬರುವುದಿಲ್ಲ' ಎಂದು ಸೋಮವಾರ ಹಾಕಿದ ಪ್ರಕಟಣೆ ಕೆಲವರ ಕಣ್ಣಿಗೆ ಬೀಳುವುದು ಬುಧವಾರ. ಅವರು ಗುರುವಾರಕ್ಕೆಂದು ಕೊಡಗಳನ್ನೆಲ್ಲ ತುಂಬಿಟ್ಟುಕೊಳ್ಳುತ್ತಾರೆ. ವಾರ ಮತ್ತು ದಿನಾಂಕ ಎರಡನ್ನೂ ಬರೆಯಿರಿ.

ಪೋಸ್ಟರ್ ತಯಾರಿಸಿಕೊಡುವ ಉಚಿತ ಆ್ಯಪ್‌ಗಳ ಬಗ್ಗೆ ಇಲ್ಲೇ ಒಂದು ಮಾತು. ಅವು ಮೂಲೆಯಲ್ಲಿ ತಮ್ಮ ಗುರುತನ್ನು ಒತ್ತುತ್ತವೆ, ಕನ್ನಡದ ಒತ್ತಕ್ಷರಗಳನ್ನು ಒಡೆಯುತ್ತವೆ. ಅದರ ಮೇಲೆ ಗಣ್ಯರ ಭಾವಚಿತ್ರಗಳನ್ನು ಜೋಡಿಸಿದರೆ ನೀರು ಬರುವ ಹೊತ್ತನ್ನು ಬರೆಯಲು ಉಳಿಯುವುದು ಬೆರಳಗಲದ ಜಾಗ. ಚುನಾವಣಾ ನೀತಿ ಸಂಹಿತೆ ಜಾರಿಯಾದ ದಿನ ಆ ಭಾವಚಿತ್ರಗಳನ್ನು ಹುಡುಕಿ ಹುಡುಕಿ ತೆಗೆಯುವ ಕೆಲಸವೂ ನಿಮ್ಮ ಪಾಲಿಗೇ ಬರುತ್ತದೆ. ಹಣ ಕೊಟ್ಟರೆ ಹಿಂಬಾಲಕರನ್ನು ಹೆಚ್ಚಿಸಿಕೊಡುತ್ತೇವೆ ಎನ್ನುವ ಏಜೆನ್ಸಿಗಳನ್ನು ಬಾಗಿಲಲ್ಲೇ ಕಳುಹಿಸಿಬಿಡಿ. ಎಲ್ಲಿನವರೋ ಆದ ಹತ್ತು ಸಾವಿರ ಹಿಂಬಾಲಕರಿಂದ ನಿಮ್ಮ ಊರಿನ ಚರಂಡಿಗೆ ಆಗಬೇಕಾದದ್ದು ಏನೂ ಇಲ್ಲ.

ಉತ್ತರಕ್ಕೆ ಮುನ್ನ ಅಧಿಕಾರ

ಬಹಳಷ್ಟು ಕಚೇರಿಗಳಲ್ಲಿ ಪುಟವನ್ನು ನೋಡಿಕೊಳ್ಳುವವರು ಹೊರಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರ್. ಅವರಿಗೆ ಮಾಹಿತಿಯೂ ಇಲ್ಲ, ಉತ್ತರಿಸುವ ಅಧಿಕಾರವೂ ಇಲ್ಲ. ಪ್ರತಿ ಉತ್ತರಕ್ಕೂ ಟಿಪ್ಪಣಿ ಮಂಡಿಸಿ ಅನುಮೋದನೆ ಪಡೆಯುವುದಾದರೆ ನೀರಿನ ದೂರಿಗೆ ಉತ್ತರ ಬರುವಷ್ಟರಲ್ಲಿ ಮಳೆಗಾಲ ಬಂದಿರುತ್ತದೆ. ಆದ್ದರಿಂದ ಮುಖ್ಯಾಧಿಕಾರಿಗಳು ಒಂದು ಪುಟದ ಕಚೇರಿ ಆದೇಶವನ್ನು ಹೊರಡಿಸಬೇಕು. ನೀರು ಬಿಡುವ ವೇಳಾಪಟ್ಟಿ, ಕಸದ ಗಾಡಿಯ ಸಮಯ, ಅರ್ಜಿಗೆ ಬೇಕಾದ ದಾಖಲೆ, ಶುಲ್ಕ, ದೂರಿನ ಸದ್ಯದ ಸ್ಥಿತಿ ಇವುಗಳಿಗೆ ಪುಟದ ನಿರ್ವಾಹಕರು ಯಾರನ್ನೂ ಕೇಳದೆ ಉತ್ತರಿಸಬಹುದು. ಲಂಚದ ಆರೋಪ, ನ್ಯಾಯಾಲಯದಲ್ಲಿರುವ ವಿಷಯ, ಸಾವುನೋವು, ಸರ್ಕಾರದ ನೀತಿಯ ಪ್ರಶ್ನೆಗಳಿಗೆ ಮುಖ್ಯಾಧಿಕಾರಿಗಳೇ ಉತ್ತರವನ್ನು ಒಪ್ಪಬೇಕು. ಸಿಬ್ಬಂದಿಯ ಭಯಕ್ಕೆ ಕಾರಣವಿದೆ ಎಂಬುದನ್ನು ಮರೆಯಬಾರದು: ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು, 2021 ಅವರ ಮಾತಿಗೆ ಗೆರೆ ಎಳೆದಿವೆ, ಲಿಖಿತ ಆದೇಶವಿಲ್ಲದೆ ಬರೆದ ಒಂದು ಸಾಲು ನಾಳೆ ಕಾರಣ ಕೇಳುವ ನೋಟಿಸಾಗಿ ಹಿಂತಿರುಗಬಹುದು. ಆ ಒಂದು ಪುಟದ ಆದೇಶವಿಲ್ಲದ ಕಚೇರಿಯಲ್ಲಿ ನಾನು ಮುಂದಿನ ಪಾಠವನ್ನು ಆರಂಭಿಸುವುದೇ ಇಲ್ಲ.

ಜೊತೆಗೆ ಕಿರಿಯ ಎಂಜಿನಿಯರ್, ಆರೋಗ್ಯ ನಿರೀಕ್ಷಕರು ಮತ್ತು ನೀರುಗಂಟಿಗಳ ದೂರವಾಣಿ ಸಂಖ್ಯೆಗಳು ಪುಟದ ನಿರ್ವಾಹಕರ ಮೇಜಿನ ಮೇಲಿರಬೇಕು. ಅವರ ಕರೆಯನ್ನು ಎತ್ತಬೇಕೆಂದು ಆ ಮೂವರಿಗೂ ಮುಖ್ಯಾಧಿಕಾರಿಗಳ ಬಾಯಿಂದಲೇ ಹೇಳಿಸಿರಬೇಕು.

ಉತ್ತರದ ವಾಕ್ಯಗಳು

ಒಬ್ಬರು ಹೀಗೆ ಬರೆಯುತ್ತಾರೆ ಎಂದುಕೊಳ್ಳಿ: 'ಐದು ದಿನದಿಂದ ನಮ್ಮ ಬೀದಿಗೆ ನೀರಿಲ್ಲ. ತೆರಿಗೆ ಮಾತ್ರ ತಪ್ಪದೆ ವಸೂಲಿ ಮಾಡ್ತೀರಿ. ನಾಚಿಕೆ ಆಗಲ್ವಾ?' ಇದಕ್ಕೆ ಕಚೇರಿಗಳು ಸಾಮಾನ್ಯವಾಗಿ ಕೊಡುವ ಉತ್ತರ: 'ತಮ್ಮ ದೂರನ್ನು ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ. ಸೂಕ್ತ ಕ್ರಮ ವಹಿಸಲಾಗುವುದು.' ಈ ಎರಡು ವಾಕ್ಯಗಳಲ್ಲಿ ಕ್ರಿಯಾಪದವಿದೆ, ಕರ್ತೃವಿಲ್ಲ. ಯಾರು ತಂದರು, ಯಾರ ಗಮನಕ್ಕೆ, ಯಾವ ಕ್ರಮ, ಎಂದು? ಕಡತದ ಟಿಪ್ಪಣಿಯಲ್ಲಿ ಈ 'ಲಾಗಿದೆ', 'ಲಾಗುವುದು' ಪ್ರಯೋಗಕ್ಕೆ ಅದರದೇ ಉಪಯೋಗವಿರಬಹುದು, ಆದರೆ ಖಾಲಿ ಕೊಡ ಹಿಡಿದು ನಿಂತವರಿಗೆ ಅದು ಬಾಗಿಲು ಮುಚ್ಚಿದ ಸದ್ದಿನಂತೆ ಕೇಳಿಸುತ್ತದೆ. ನನ್ನ ತರಗತಿಯಲ್ಲಿ ಈ ಎರಡು ಪ್ರತ್ಯಯಗಳಿಗೆ ನಿಷೇಧ.

ಅದೇ ದೂರಿಗೆ ನಾನು ಬರೆಸುವ ಉತ್ತರ ಹೀಗಿರುತ್ತದೆ: 'ಐದು ದಿನ ನೀರಿಲ್ಲದೆ ನಿಮಗೆ ಕಷ್ಟವಾಗಿದೆ, ಕ್ಷಮಿಸಿ. ನಿಮ್ಮ ಬೀದಿಯ ಕೊಳವೆಬಾವಿಯ ಮೋಟಾರ್ ಸುಟ್ಟಿದೆ, ದುರಸ್ತಿಗೆ ಕಳುಹಿಸಿದ್ದೇವೆ. 14ನೇ ತಾರೀಖು ಬುಧವಾರ ಸಂಜೆಯೊಳಗೆ ಅದನ್ನು ಮತ್ತೆ ಇಳಿಸುತ್ತೇವೆ. ಅಲ್ಲಿಯವರೆಗೆ ಪ್ರತಿದಿನ ಬೆಳಿಗ್ಗೆ 7ಕ್ಕೆ ಶಾಲೆಯ ಮುಂದೆ ಟ್ಯಾಂಕರ್ ನಿಲ್ಲುತ್ತದೆ. ದೂರಿನ ಸಂಖ್ಯೆ 214. ನೀರು ಸರಬರಾಜು ಶಾಖೆ.'

ಇದರಲ್ಲಿ ತೆರಿಗೆಯ ಮಾತಿಗೆ ಉತ್ತರವಿಲ್ಲ, ನಾಚಿಕೆಯ ಮಾತಿಗೂ ಇಲ್ಲ. ಬೈಗುಳದೊಳಗಿರುವ ಪ್ರಶ್ನೆಯನ್ನು ಮಾತ್ರ ಎತ್ತಿಕೊಂಡು ಉಳಿದದ್ದನ್ನು ಬಿಟ್ಟಿದ್ದೇವೆ. ಕ್ಷಮೆ ಒಂದೇ ಸಲ ಬಂದಿದೆ, ಅದೂ ಅವರ ಕಷ್ಟವನ್ನು ಅವರದೇ ಲೆಕ್ಕದಲ್ಲಿ ಹೇಳಿದ ಮೇಲೆ. ಕಾರಣ ಒಂದು ವಾಕ್ಯದಲ್ಲಿದೆ. ಟೆಂಡರು, ಅನುದಾನ, ಹಿಂದಿನ ಗುತ್ತಿಗೆದಾರರ ಕಥೆಯನ್ನು ಹೇಳಿದರೆ ಅದು ನೆಪದಂತೆ ಕಾಣುತ್ತದೆ. ದಿನಾಂಕವನ್ನು ಎಂಜಿನಿಯರ್ ಅವರನ್ನು ಕೇಳಿ, ಅವರು ಹೇಳಿದ್ದಕ್ಕೆ ಒಂದು ದಿನ ಸೇರಿಸಿ ಬರೆಯಿರಿ. ಬುಧವಾರ ಆಗುವುದಿಲ್ಲವೆಂದು ಮಂಗಳವಾರ ತಿಳಿದರೆ ಮಂಗಳವಾರವೇ ಅದೇ ದೂರಿನ ಕೆಳಗೆ ಹೊಸ ದಿನಾಂಕವನ್ನು ತಿಳಿಸಿ. ಗಡುವು ಮುಗಿದ ಮೇಲೆ ಜನರೇ ಕೇಳುವವರೆಗೆ ಕಾಯಬೇಡಿ. ನೀರು ಬಂದ ದಿನ ಅಲ್ಲಿಗೇ ಹಿಂತಿರುಗಿ, 'ಇಂದು 14ನೇ ತಾರೀಖು ಮಧ್ಯಾಹ್ನ 3ಕ್ಕೆ ನೀರು ಬಿಟ್ಟಿದ್ದೇವೆ, ನಿಮ್ಮ ಮನೆಗೆ ಬಂದಿದೆಯೇ ತಿಳಿಸಿ' ಎಂದು ಬರೆಯಿರಿ. ದಿನಾಂಕ ಜೊತೆಗಿದ್ದರೆ ಮಾತ್ರ 'ಇಂದು' ಎನ್ನಲು ನನ್ನ ಅಡ್ಡಿಯಿಲ್ಲ. ಈ ಕೊನೆಯ ಸಾಲನ್ನು ಬರೆಯುವ ಕಚೇರಿಗಳು ಬಹಳ ಕಡಿಮೆ. ದುರಸ್ತಿಯಾದ ಸಂಗತಿ ದುರಸ್ತಿ ಮಾಡಿದವರಿಗಷ್ಟೇ ಗೊತ್ತಿರುತ್ತದೆ, ಪುಟದಲ್ಲಿ ದೂರು ಮಾತ್ರ ಶಾಶ್ವತವಾಗಿ ಉಳಿಯುತ್ತದೆ.

ಎದುರಿನವರು ಏಕವಚನಕ್ಕಿಳಿದರೂ ನಿಮ್ಮದು ಬಹುವಚನವೇ ಆಗಿರಲಿ. ಕನ್ನಡವನ್ನು ರೋಮನ್ ಅಕ್ಷರಗಳಲ್ಲಿ ಬರೆದವರಿಗೂ ಕನ್ನಡ ಲಿಪಿಯಲ್ಲೇ ಉತ್ತರಿಸಿ. ಹಾಸ್ಯ ಮಾಡಬೇಡಿ. ಬೆಂಗಳೂರು ನಗರ ಪೊಲೀಸರ ಖಾತೆಯ ಚಟಾಕಿಗಳನ್ನು ನೋಡಿ ಹುರುಪುಗೊಂಡವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಹೆಲ್ಮೆಟ್ ಧರಿಸಿ ಎಂದು ಹೇಳಲು ಆ ಧಾಟಿ ಒಪ್ಪಬಹುದು, ಆದರೆ ನೀರು ಕೇಳಿದವರಿಗೆ ಚಟಾಕಿ ಹಾರಿಸಿದರೆ ಅದು ಗಾಯಕ್ಕೆ ಉಪ್ಪು. ಸ್ವಯಂಚಾಲಿತ ಉತ್ತರವನ್ನಂತೂ ನಿಲ್ಲಿಸಿಯೇ ಇಡಿ. ಚರಂಡಿಗೆ ಮಗು ಬಿದ್ದಿದೆ ಎಂದು ಬರೆದವರಿಗೆ 'ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು' ಎಂಬ ಸಾಲು ತಾನಾಗಿ ಹೋದರೆ ಅದನ್ನು ಹಿಂತೆಗೆದುಕೊಳ್ಳಲು ಸಾಧ್ಯವಿಲ್ಲ.

ದೂರು ನಿಮ್ಮ ವ್ಯಾಪ್ತಿಯದಲ್ಲದಿದ್ದರೆ? ಊರಿನ ನಡುವೆ ಹಾದುಹೋಗುವ ರಸ್ತೆ ಲೋಕೋಪಯೋಗಿ ಇಲಾಖೆಯದಾಗಿರಬಹುದು, ವಾಲಿದ ವಿದ್ಯುತ್ ಕಂಬ ವಿದ್ಯುತ್ ಸರಬರಾಜು ಕಂಪನಿಯದು (ಎಸ್ಕಾಂ). ಇದು ದೂರುದಾರರಿಗೆ ತಿಳಿದಿರಬೇಕೆಂದು ನಿರೀಕ್ಷಿಸುವುದು ತಪ್ಪು. 'ಇದು ನಮಗೆ ಬರುವುದಿಲ್ಲ' ಎಂಬಲ್ಲಿಗೆ ನಿಲ್ಲಿಸದೆ ಯಾವ ಕಚೇರಿ, ಅದರ ದೂರವಾಣಿ ಯಾವುದು, ನೀವು ಅವರಿಗೆ ಎಂದು ಪತ್ರ ಕಳುಹಿಸಿದಿರಿ ಎಂಬುದನ್ನು ಬರೆಯಿರಿ. ಯಾವ ಇಲಾಖೆಯದೆಂದು ನಿಮಗೇ ತಿಳಿಯದಿದ್ದರೆ ರಾಜ್ಯದ ಜನಸ್ಪಂದನ ಸಹಾಯವಾಣಿ 1902ನ್ನು ಕೊಡಿ.

ಖಾಸಗಿ ವಿವರಗಳ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಎಲ್ಲರೂ ಓದುವ ಜಾಗದಲ್ಲಿ 'ನಿಮ್ಮ ಮೊಬೈಲ್ ಸಂಖ್ಯೆ ತಿಳಿಸಿ' ಎಂದು ಕೇಳುವುದು ಸಿಬ್ಬಂದಿ ಸದುದ್ದೇಶದಿಂದಲೇ ಮಾಡುವ ತಪ್ಪು. ಅದನ್ನು ಓದಿದ ವಂಚಕರು 'ಪುರಸಭೆಯಿಂದ ಮಾತನಾಡುತ್ತಿದ್ದೇವೆ' ಎಂದು ಕರೆ ಮಾಡುತ್ತಾರೆ. ಸಂಖ್ಯೆಯನ್ನೂ, ಸಕಾಲ (ಕಾಲಮಿತಿಯಲ್ಲಿ ಸೇವೆ ಕೊಡುವ ಯೋಜನೆ) ಅರ್ಜಿಯಾಗಿದ್ದರೆ ಅದರ ಸ್ವೀಕೃತಿಯಲ್ಲಿರುವ 15 ಅಂಕಿಗಳ ಜಿಎಸ್‌ಸಿ ಸಂಖ್ಯೆಯನ್ನೂ ಪುಟದ ಸಂದೇಶ ಪೆಟ್ಟಿಗೆಗೇ ಕಳುಹಿಸಲು ಹೇಳಿ. ಆಧಾರ್ ಪ್ರತಿಯನ್ನು ಬಹಿರಂಗವಾಗಿ ಹಾಕಿದವರ ಬರಹವನ್ನು ತಕ್ಷಣ ಮರೆಮಾಡಿ, ಏಕೆ ಮರೆಮಾಡಿದಿರೆಂದು ಅವರಿಗೆ ತಿಳಿಸಿ. ಯಾರಾದರೂ ಈಗಾಗಲೇ ಹಣ ಕಳೆದುಕೊಂಡಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲು ಹೇಳುವುದೇ ಮೊದಲ ಉತ್ತರ. ವಾರ್ಡಿಗೊಂದು ವಾಟ್ಸ್‌ಆ್ಯಪ್ ಗುಂಪು ಮಾಡುವ ಹವ್ಯಾಸವನ್ನೂ ಬಿಡಿ, ಗುಂಪಿನಲ್ಲಿ ಎಲ್ಲರ ಸಂಖ್ಯೆಯೂ ಎಲ್ಲರಿಗೂ ಕಾಣುತ್ತದೆ ಮತ್ತು ಅದರ ಕಿರುಕುಳ ಹೆಚ್ಚಾಗಿ ತಟ್ಟುವುದು ಹೆಣ್ಣುಮಕ್ಕಳಿಗೆ. ಪ್ರಕಟಣೆ ತಲುಪಿಸಲು ವಾಟ್ಸ್‌ಆ್ಯಪ್ ಚಾನೆಲ್ ಸಾಕು, ಅಲ್ಲಿ ಸದಸ್ಯರ ಸಂಖ್ಯೆ ಬೇರೆ ಸದಸ್ಯರಿಗೆ ಕಾಣುವುದಿಲ್ಲ.

ಟೀಕೆಯನ್ನು ಅಳಿಸಬೇಡಿ. ಅಶ್ಲೀಲ ಪದ, ಜಾತಿನಿಂದನೆ, ಬೆದರಿಕೆ ಮತ್ತು ಜಾಹೀರಾತುಗಳನ್ನು ತೆಗೆಯುತ್ತೇವೆ ಎಂಬ ನಿಯಮವನ್ನು ಪುಟದ ಮೇಲ್ಭಾಗದಲ್ಲೇ ಸ್ಥಿರವಾಗಿ ನಿಲ್ಲಿಸಿ, ತೆಗೆಯುವ ಮುನ್ನ ಪರದೆಯ ಚಿತ್ರವನ್ನು ಕಡತಕ್ಕೆ ಸೇರಿಸಿ. ಅದರಾಚೆಗೆ 'ಅಧಿಕಾರಿಗಳಿಗೆ ಮುಜುಗರವಾಯಿತು' ಎಂಬುದು ಕಾರಣವಾಗಲಾರದು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆಕ್ಷೇಪಾರ್ಹ ಸಂದೇಶ ಕಳುಹಿಸುವುದನ್ನು ಅಪರಾಧವೆನ್ನುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ರದ್ದುಪಡಿಸಿದ್ದು ಅಪರಾಧ ಪ್ರಕರಣಗಳ ಸಂದರ್ಭದಲ್ಲಿ, ಕಚೇರಿಯ ಪುಟಗಳ ನಿರ್ವಹಣೆಯ ಕುರಿತಲ್ಲ. ಆದರೂ ಕಿರಿಕಿರಿ ಉಂಟುಮಾಡುವ ಮಾತೆಲ್ಲ ಕಾನೂನುಬಾಹಿರವಲ್ಲ ಎಂಬ ಅದರ ತಿರುಳನ್ನು ಪುಟದ ನಿರ್ವಾಹಕರು ತಿಳಿದಿರುವುದು ಒಳ್ಳೆಯದು. ಎರಡು ಪಕ್ಷಗಳ ಬೆಂಬಲಿಗರು ನಿಮ್ಮ ಪುಟದಲ್ಲಿ ಪರಸ್ಪರ ಕಿತ್ತಾಡುತ್ತಿದ್ದರೆ ಒಂದಕ್ಷರವನ್ನೂ ಬರೆಯಬೇಡಿ.

ಕೊನೆಯದಾಗಿ ದೂರಿನ ಸಂಖ್ಯೆ. ಪುಟಕ್ಕೆ ಬಂದ ಪ್ರತಿ ದೂರನ್ನೂ ಟಪಾಲಿನಲ್ಲಿ ಬಂದ ಅರ್ಜಿಯಂತೆಯೇ ಆವಕ ವಹಿಯಲ್ಲಿ ದಾಖಲಿಸಿ, ಬಡಾವಣೆ, ವಿಷಯ, ಕೊಟ್ಟ ದಿನಾಂಕ, ಮುಗಿದ ದಿನಾಂಕ ಎಂಬ ಅಂಕಣಗಳನ್ನು ಹಾಕಿ. ಇದಕ್ಕೆ ದುಬಾರಿ ಡ್ಯಾಶ್‌ಬೋರ್ಡ್ ಕೊಳ್ಳುವ ಅಗತ್ಯವಿಲ್ಲ, ಒಂದು ಎಕ್ಸೆಲ್ ಹಾಳೆ ಸಾಕು. ಪ್ರತಿ ಸೋಮವಾರದ ಸಭೆಗೆ ಲೈಕುಗಳ ಲೆಕ್ಕವನ್ನು ಒಯ್ಯದೆ ಈ ಹಾಳೆಯನ್ನು ಮುದ್ರಿಸಿ ಒಯ್ಯಿರಿ. ಮೊದಲು ನೋಡಬೇಕಾದದ್ದು ಒಂದೇ ಜಾಗದ ಹೆಸರು ಮತ್ತೆ ಮತ್ತೆ ಬಂದಿದೆಯೇ ಎಂಬುದನ್ನು. ಒಂದೇ ಕಂಬದ ದೀಪದ ಬಗ್ಗೆ ಮೂರನೆಯ ಸಲ ದೂರು ಬಂದಿದ್ದರೆ, ಬಲ್ಬು ಬದಲಿಸಿದ ಚಿತ್ರವನ್ನು ಮತ್ತೊಮ್ಮೆ ಪುಟಕ್ಕೆ ಹಾಕುವ ಮುನ್ನ ಆ ಕಂಬದ ತಂತಿಯನ್ನು ಪರೀಕ್ಷಿಸಲು ಹೇಳಿ.