ಅಂಗಿಯ ಮೇಲಿನ ಒತ್ತಕ್ಷರ

ಕಾಸರಗೋಡಿನ ಹಳೆ ಬಸ್ ನಿಲ್ದಾಣದ ಹತ್ತಿರ, ಕಿರಿದಾದ ಮೆಟ್ಟಿಲು ಹತ್ತಿದರೆ ಸಿಗುವ ಒಂದು ಮಹಡಿಯ ಕೋಣೆಯಲ್ಲಿ ನಾನು ನಾಲ್ಕು ವರ್ಷಗಳಿಂದ ಸ್ಟ್ರೀಟ್‌ವೇರ್ ಬ್ರ್ಯಾಂಡೊಂದನ್ನು, ಎಂದರೆ ಬೀದಿಯ ಹುಡುಗರ ಉಡುಗೆಯಿಂದ ಬೆಳೆದ ಸಡಿಲ ಅಂಗಿಗಳ ವ್ಯಾಪಾರವನ್ನು, ನಡೆಸುತ್ತಿದ್ದೇನೆ. ಹೆಸರು ಬರೆದರೆ ಜಾಹೀರಾತಾಗುತ್ತದೆ, ಆದ್ದರಿಂದ ಬಿಟ್ಟಿದ್ದೇನೆ. ಈ ಕೆಲಸಕ್ಕೆ ಇಳಿಯುತ್ತೇನೆಂದು ಮನೆಯಲ್ಲಿ ಹೇಳಿದ ದಿನ ಚಿಕ್ಕಪ್ಪ, “ಎಂತ ಮಾರಾಯ, ಬೀದಿ ಬದಿಯಲ್ಲಿ ಬಟ್ಟೆ ಮಾರುವುದಾ?” ಎಂದು ಕೇಳಿದ್ದರು. ಅವರ ಪ್ರಶ್ನೆ ಪೂರ್ತಿ ತಪ್ಪಾಗಿರಲಿಲ್ಲ.

ನ್ಯೂಯಾರ್ಕಿನ ಲಫಾಯೆಟ್ ಬೀದಿಯಲ್ಲಿ 1994ರಲ್ಲಿ ಇಂಥದೇ ಬ್ರ್ಯಾಂಡಾದ ಸುಪ್ರೀಂ ಅಂಗಡಿ ತೆರೆದಾಗ ಅದರ ಸುತ್ತ ಸ್ಕೇಟ್‌ಬೋರ್ಡ್ ಹುಡುಗರ ಒಂದು ಬಳಗವಿತ್ತು. ಬಟ್ಟೆಗೆ ಬೆಲೆ ಬಂದದ್ದು ಆ ಬಳಗದಿಂದ. ನಮ್ಮ ಪೇಟೆಯಲ್ಲಿ ಹಾಗೆ ಸಿದ್ಧವಾಗಿ ಕುಳಿತ ಕಲಾವಿದರ ಗುಂಪು ಇರಲಿಲ್ಲ. ಇದ್ದವರು ಫ್ಲೆಕ್ಸ್ ಮುದ್ರಿಸುವವರು, ಸೆವೆನ್ಸ್ (ಏಳೇಳು ಮಂದಿ ಆಡುವ) ಫುಟ್‌ಬಾಲ್ ತಂಡಗಳಿಗೆ ಜೆರ್ಸಿ ಮಾಡಿಕೊಡುವವರು, ಟೈಲರುಗಳು, ಮದುವೆ ವಿಡಿಯೊ ತೆಗೆಯುವ ಹುಡುಗರು ಮತ್ತು ಕೆಲಸ ಕಡಿಮೆಯಾಗಿದ್ದ ಒಬ್ಬ ಬೋರ್ಡ್ ಪೇಂಟರ್. ಮೊದಲ ಒಂದು ವರ್ಷ ನಾನು ಬೆಂಗಳೂರಿನ ಕಡೆ ನೋಡುತ್ತ ಕಳೆದೆ. ಬೇಕಾದವರೆಲ್ಲ ಇದೇ ಓಣಿಗಳಲ್ಲಿದ್ದಾರೆಂದು ಹೊಳೆಯಲು ನಷ್ಟವೊಂದು ಆಗಬೇಕಾಯಿತು.

ಬಟ್ಟೆಯ ವಿಷಯ ಮೊದಲು ಹೇಳುತ್ತೇನೆ. ರಾತ್ರಿಯ ವೆಸ್ಟ್ ಕೋಸ್ಟ್ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ತಿರುಪ್ಪೂರು. ಅಲ್ಲಿನ ಖಾದರ್‌ಪೇಟೆಯಲ್ಲಿ ರಫ್ತಿನಲ್ಲಿ ಉಳಿದ ಸಿದ್ಧ ಉಡುಪು ಅಗ್ಗಕ್ಕೆ ಸಿಗುತ್ತದೆ, ಅದಕ್ಕೆ ಲೇಬಲ್ ಬದಲಿಸಿ ಮಾರುವವರೂ ಇದ್ದಾರೆ. ಆದರೆ ಒಮ್ಮೆ ಸಿಕ್ಕ ಅಳತೆಯೂ ಬಣ್ಣವೂ ಮತ್ತೊಮ್ಮೆ ಸಿಗುವುದಿಲ್ಲವಾದ್ದರಿಂದ ನಾನು ಬೇರೆಯವರಿಗೆ ಕೂಲಿಗೆ ಹೊಲಿದುಕೊಡುವ (ಜಾಬ್ ವರ್ಕ್) ಸಣ್ಣ ಘಟಕವೊಂದರಲ್ಲಿ 240 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಹತ್ತಿ ಬಟ್ಟೆಯಿಂದಲೇ ಹೊಲಿಸಲು ನಿರ್ಧರಿಸಿದೆ. ಬಟ್ಟೆಗೆ 160, ಕಟಿಂಗ್ ಮತ್ತು ಹೊಲಿಗೆಗೆ 55, ಮುದ್ರಣಕ್ಕೆ 40, ಲೇಬಲ್, ಕವರ್, ಲಾರಿ ಬಾಡಿಗೆ ಎಂದು 35, ಒಟ್ಟು 290 ರೂಪಾಯಿ ಒಂದು ಅಂಗಿಯ ಮೇಲೆ ಬಿತ್ತು. ಹೊಸಬರಿಗೆ ಹೇಳುವುದಾದರೆ, ಸ್ಯಾಂಪಲ್ ಬಟ್ಟೆಯ ಮೇಲೆ 50 ಸೆಂಟಿಮೀಟರ್ ಗೆರೆ ಎಳೆದು, ಮೂರು ಸಲ ಒಗೆದು ಒಣಗಿಸಿ ಅಳೆಯದೆ ಮುಂಗಡ ಕೊಡಬಾರದು. ನನ್ನ ಮೊದಲ ಸ್ಯಾಂಪಲ್‌ನ ಗೆರೆ 46.5ಕ್ಕೆ ಇಳಿದಿತ್ತು. ದೊಗಳೆಯಾಗಿ ಕಾಣಬೇಕಾದ ಅಂಗಿ ಮೂರನೆಯ ಒಗೆತಕ್ಕೆ ಸಾಮಾನ್ಯ ಅಂಗಿಯಾದರೆ ಕೊಂಡವನು ಮತ್ತೆ ಮೆಟ್ಟಿಲು ಹತ್ತುವುದಿಲ್ಲ.

ನಷ್ಟವಾದದ್ದು ಅಕ್ಷರದಿಂದ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮ್ಮ ಊರಿನಿಂದ ದೂರವಿಲ್ಲ. ಹಾಗಾಗಿ ಮೊದಲ ಅಂಗಿಯ ಎದೆಯ ಮೇಲೆ ನಮ್ಮ ಕಡೆಯ ಯಕ್ಷಗಾನ ಶೈಲಿಯ ಹೆಸರಾದ ‘ತೆಂಕುತಿಟ್ಟು’ ಎಂದು ಸಣ್ಣದಾಗಿ, ಆರು ಸೆಂಟಿಮೀಟರ್ ಅಗಲದಲ್ಲಿ, ಕಪ್ಪು ಬಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ಹಾಕಬೇಕೆಂದುಕೊಂಡೆ. ಜೆರ್ಸಿ ಮುದ್ರಿಸುವವರು ಬಿಸಿಯಿಂದ ಬಣ್ಣ ಇಳಿಸುವ ಸಬ್ಲಿಮೇಶನ್ ಪಾಲಿಯೆಸ್ಟರಿಗೆ ಮಾತ್ರ ಹಿಡಿಯುತ್ತದೆ, ಹತ್ತಿಗೆ ಆಗುವುದಿಲ್ಲ. ಆದ್ದರಿಂದ ಸ್ಕ್ರೀನ್ ಪ್ರಿಂಟಿಂಗ್ (ಜಾಲರಿಯ ಮೂಲಕ ಬಣ್ಣ ಎಳೆಯುವ ಮುದ್ರಣ) ಘಟಕವೊಂದಕ್ಕೆ ಫೈಲ್ ಕಳಿಸಿದೆ. ಅವರ ಹಳೆಯ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ‘ತೆಂಕುತಿಟ್‌ಟು’ ಎಂದು ತೆರೆದುಕೊಂಡಿತು. ಅದನ್ನು ಸಮಯಕ್ಕೆ ಸರಿಯಾಗಿ ಕಂಡು, ಅಕ್ಷರಗಳನ್ನು ಫಾಂಟ್ ಬೇಡದ ಬರೀ ಆಕೃತಿಗೆ, ಅಂದರೆ ಔಟ್‌ಲೈನ್‌ಗೆ ಬದಲಿಸಿ ಕಳಿಸಿ, ದೊಡ್ಡ ಗಂಡಾಂತರದಿಂದ ಪಾರಾದೆನೆಂದು ನೆಮ್ಮದಿಯಾಗಿದ್ದೆ. ಕಪ್ಪು ಬಟ್ಟೆಯ ಮೇಲೆ ಬಿಳಿ ಎದ್ದು ಕಾಣಲೆಂದು ಅವರು ದೊಡ್ಡ ಕಣ್ಣಿನ ಜಾಲರಿಯಲ್ಲಿ ಬಣ್ಣವನ್ನು ದಪ್ಪಗೆ ಎಳೆಯುತ್ತಾರೆಂಬುದು ನನಗೆ ತಿಳಿದಿರಲಿಲ್ಲ. ಬಂದ 120 ಅಂಗಿಗಳಲ್ಲಿ ಬಹುಪಾಲಿನವುಗಳ ಮೇಲೆ ಕೊನೆಯ ಟ್ಟು ಮುಚ್ಚಿಹೋಗಿ, ಅಕ್ಷರದ ಅಡಿಯಲ್ಲಿ ಕಾಗೆ ಹಿಕ್ಕೆ ಬಿದ್ದಂತೆ ಒಂದು ಬಿಳಿ ಗುಳ್ಳೆ ಮಾತ್ರ ಉಳಿದಿತ್ತು.

ಆ ಅಂಗಿಗಳಲ್ಲೊಂದನ್ನು ಹಿಡಿದು ನಾನು ಬೋರ್ಡ್ ಪೇಂಟರ್ ಬಳಿ ಹೋದೆ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಅಂಗಡಿ ಬೋರ್ಡುಗಳನ್ನು ಬರೆದ ಕೈ ಅವರದು. ಫ್ಲೆಕ್ಸ್ ಬಂದ ಮೇಲೆ ಆ ಕೈಗೆ ಕೆಲಸ ಕಡಿಮೆಯಾಗಿತ್ತು. ಅವರು ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿ, “ಒತ್ತಿನ ಹೊಟ್ಟೆ ಇಷ್ಟು ಸಣ್ಣದಾದರೆ ಬಣ್ಣ ಕೂಡಿಕೊಳ್ಳದೆ ಎಂತ ಮಾಡುತ್ತದೆ?” ಎಂದರು. ಅಲ್ಲಿದ್ದ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿಯೇ ಅವರು ಆ ಪದವನ್ನು ಕುಂಚದಲ್ಲಿ ಬರೆದರು: ಒತ್ತನ್ನು ಮೇಲಿನ ಅಕ್ಷರದಷ್ಟೇ ದೊಡ್ಡದು ಮಾಡಿ, ಸ್ವಲ್ಪ ಬಲಕ್ಕೆ ಸರಿಸಿ, ಒಳಗಿನ ಬಯಲನ್ನು ಅಗಲಿಸಿದರು. ಅಕ್ಷರಗಳು ಎದೆಯ ಮೂಲೆಗೆ ಹಿಡಿಸದಷ್ಟು ಬೆಳೆದದ್ದರಿಂದ ಅದನ್ನು ಬೆನ್ನಿಗೆ ಒಯ್ದೆವು. ಇಂದು ನನ್ನ ಬ್ರ್ಯಾಂಡಿನ ಗುರುತಾಗಿರುವ ಬೆನ್ನ ಮೇಲಿನ ದೊಡ್ಡ ಅಕ್ಷರ ಹುಟ್ಟಿದ್ದು ಹೀಗೆಯೇ ಹೊರತು ನನ್ನ ವಿನ್ಯಾಸದ ಜ್ಞಾನದಿಂದಲ್ಲ. ಅವರಿಗೆ ಒಮ್ಮೆ ಹಣ ಕೊಟ್ಟು ಮುಗಿಸದೆ, ಮಾರಾಟವಾದ ಪ್ರತಿ ಅಂಗಿಗೆ 15 ರೂಪಾಯಿ ಕೊಡುತ್ತಿದ್ದೇನೆ. ಲೆಕ್ಕದ ಪುಸ್ತಕವನ್ನು ಅವರು ಒಮ್ಮೆಯೂ ತೆರೆದು ನೋಡಿಲ್ಲ, ಆದರೂ ತಿಂಗಳಿಗೊಮ್ಮೆ ಅವರ ಮುಂದಿಡುತ್ತೇನೆ.

ಎರಡನೆಯ ಲಾಟಿನಿಂದ ಮುದ್ರಣವನ್ನು ನಮ್ಮ ಕೋಣೆಗೇ ತಂದೆವು. ಸಣ್ಣ ಕಣ್ಣಿನ ಜಾಲರಿ, ತೆಳುವಾಗಿ ಎರಡು ಸಲ ಬಣ್ಣ, ನಡುವೆ ಒಮ್ಮೆ ಬಿಸಿ, ಕೊನೆಗೆ ಸುಮಾರು 160 ಡಿಗ್ರಿಯಲ್ಲಿ ಕ್ಯೂರಿಂಗ್, ಎಂದರೆ ಬಣ್ಣ ಗಟ್ಟಿಯಾಗಿ ಕೂರುವಂತೆ ಕಾಯಿಸುವುದು. ಬಿಡುಗಡೆಗೆ ಮದುವೆ ವಿಡಿಯೊದ ಹುಡುಗರು ಮೀನು ಮಾರುಕಟ್ಟೆಯಲ್ಲಿ ಬೆಳಗಿನ ಜಾವ ಚಿತ್ರ ತೆಗೆದರು, ಜೆರ್ಸಿ ಅಂಗಡಿಯವರು ತಮ್ಮ ಕೌಂಟರ್ ಬಿಟ್ಟುಕೊಟ್ಟರು. ಅರುವತ್ತೇ ಅಂಗಿ ಮಾಡಿದ್ದನ್ನು ನೋಡಿದವರು ‘ಡ್ರಾಪ್’, ಎಂದರೆ ಬೇಕೆಂದೇ ಮಿತಿಯಿಟ್ಟ ಬಿಡುಗಡೆ, ಎಂದು ಕರೆದರು. ನಿಜವಾಗಿ ಅರುವತ್ತೊಂದನೆಯದಕ್ಕೆ ನನ್ನಲ್ಲಿ ಹಣವಿರಲಿಲ್ಲ. 799 ರೂಪಾಯಿ ಬೆಲೆಗೆ “ಎರಡು ತೆಗೆದುಕೊಂಡರೆ ಎಷ್ಟು ಬಿಡುತ್ತೀರಿ?” ಎಂದು ಕೇಳದವರು ಕಡಿಮೆ. ಬಿಡಲಿಲ್ಲ, ನೆಂಟರಿಗೂ ಬಿಡಲಿಲ್ಲ. ಕೊಂಡವರಲ್ಲಿ ಅರ್ಧದಷ್ಟು ಮಂದಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಮಲಯಾಳ ಶಾಲೆಯಲ್ಲಿ ಕಲಿತ ಹುಡುಗರು ಏನು ಬರೆದಿದೆಯೆಂದು ಕೇಳಿ, ಬಾಯಿಪಾಠ ಮಾಡಿಕೊಂಡು ಹೋದರು.

ಗಡಿಯವರಿಗೆ ಮಾತ್ರ ಇರುವ ಒಂದು ತೊಡಕನ್ನೂ ಹೇಳಬೇಕು. ನಮಗೆ ಹತ್ತಿರದ ದೊಡ್ಡ ಪೇಟೆ ಮಂಗಳೂರು, ಸುಮಾರು 50 ಕಿಲೋಮೀಟರ್. ಆದರೆ ಕೇರಳ–ಕರ್ನಾಟಕ ಗಡಿಯ ತಲಪಾಡಿ ದಾಟಿದೊಡನೆ ಅದು ಅಂತರರಾಜ್ಯ ಮಾರಾಟವಾಗುವುದರಿಂದ ವಹಿವಾಟು ಎಷ್ಟೇ ಚಿಕ್ಕದಿದ್ದರೂ ಜಿಎಸ್‌ಟಿ ನೋಂದಣಿ ಬೇಕು. ತಿರುವನಂತಪುರದ ಗಿರಾಕಿಗಿಂತ ಮಂಗಳೂರಿನ ಗಿರಾಕಿ ಕಾಗದದಲ್ಲಿ ದೂರದವನು. ನೋಂದಣಿಯ ಜೊತೆಗೇ ಉಡುಪುಗಳ 25ನೇ ವರ್ಗದಲ್ಲಿ ಟ್ರೇಡ್‌ಮಾರ್ಕಿಗೂ ಅರ್ಜಿ ಹಾಕಿದೆ; ಒಬ್ಬ ವ್ಯಕ್ತಿಯಾಗಿ ಆನ್‌ಲೈನಿನಲ್ಲಿ ಸಲ್ಲಿಸಿದ್ದರಿಂದ ಶುಲ್ಕ 4,500 ರೂಪಾಯಿ.

ಹಾಳಾದ ಮೊದಲ ಲಾಟಿನ ಅಂಗಿಗಳನ್ನು ಮುದ್ರಣದ ಪರೀಕ್ಷೆಗೆ ಬಳಸಿ ಬಳಸಿ ಈಗ ಹನ್ನೊಂದು ಉಳಿದಿವೆ. ಮುಂದಿನ ಅಂಗಿಗೆ ಪೇಂಟರ್ ‘ಅಡ್ಕ’ ಎಂದು ಬರೆದುಕೊಟ್ಟಿದ್ದಾರೆ, ಬದಿಯಡ್ಕದಂತಹ ಎಷ್ಟೋ ಊರುಗಳ ಹೆಸರಿನ ಕೊನೆಯಲ್ಲಿರುವ ಪದ. ಮಳೆಗಾಲದ ಆಟಿ ತಿಂಗಳ ತೇವಕ್ಕೆ ಸ್ಕ್ರೀನಿಗೆ ಬಳಿದ ಎಮಲ್ಷನ್ (ಅಕ್ಷರದ ಅಚ್ಚು ಮೂಡಿಸುವ ಲೇಪ) ಒಣಗುತ್ತಿಲ್ಲ. ನಿನ್ನೆ ಅವಸರದಲ್ಲಿ ತೊಳೆದ ಸ್ಕ್ರೀನಿನಲ್ಲಿ ಕ ಒತ್ತು ನೀರಿನೊಡನೆ ಎದ್ದುಬಂತು. ಇವತ್ತು ಫ್ಯಾನ್ ಹಾಕಿ, ಬಾಗಿಲು ಮುಚ್ಚಿ, ಇನ್ನೊಂದನ್ನು ಒಣಗಲು ಇಟ್ಟಿದ್ದೇವೆ.